ಗೋಲು ಹೊಡೆಯದವನ ಲೆಕ್ಕ ಯಾರು ಇಡುತ್ತಾರೆ?

ಪ್ರಶ್ನೆ: ಅಣ್ಣಾ, ನನ್ನ ಮಗನಿಗೆ 15 ವರ್ಷ. ಶಾಲೆಯ ಹಾಕಿ ಟೀಮಿನಲ್ಲಿ ಬ್ಯಾಕ್ ಆಡುತ್ತಾನೆ. ಪಂದ್ಯ ಮುಗಿದ ಮೇಲೆ ಪೇಪರಿನಲ್ಲಿ ಗೋಲು ಹೊಡೆದವರ ಹೆಸರು ಮಾತ್ರ ಬರುತ್ತದೆ. ಇವನದು ಇಲ್ಲಿವರೆಗೆ ಒಂದು ಸಲವೂ ಬಂದಿಲ್ಲ. "ಫಾರ್ವರ್ಡ್ ಆಡಿಸಿದ್ರೆ ಆಡ್ತೀನಿ, ಇಲ್ಲಾಂದ್ರೆ ಸ್ಟಿಕ್ ಅಟ್ಟಕ್ಕೆ ಹಾಕ್ತೀನಿ" ಅಂತ ಈಗ ಹಟ ಹಿಡಿದಿದ್ದಾನೆ. ಮೊಬೈಲಲ್ಲಿ ಅಮೆರಿಕನ್ ಫುಟ್‌ಬಾಲಿನ ಜೆ. ಜೆ. ವಾಟ್ ಎನ್ನುವವರ ವಿಡಿಯೊ ನೋಡುತ್ತಾ ಕೂರುತ್ತಾನೆ. ಅಲ್ಲಿ ತಡೆಯುವವನೇ ಹೀರೋ ಅಂತೆ. ಹೌದಾ? ಯಾರು ಈ ವಾಟ್?
— ಒಬ್ಬ ತಾಯಿ, ಅಮ್ಮತ್ತಿ

ಉತ್ತರ: ಹೌದು ಅಕ್ಕಾ. ಆದರೆ ಅಲ್ಲೂ ಮೊದಲಿಂದ ಹಾಗಿರಲಿಲ್ಲ. ಅದನ್ನೇ ನಿಮ್ಮ ಮಗನಿಗೆ ಮೊದಲು ಹೇಳಬೇಕು.

ಆ ಆಟದಲ್ಲಿ ಚೆಂಡು ಕೈಯಲ್ಲಿರುವ ತಂಡಕ್ಕೆ ನಾಲ್ಕು ಅವಕಾಶ, ಅಷ್ಟರೊಳಗೆ ಹತ್ತು ಗಜ ಮುಂದೆ ಹೋಗಬೇಕು. ಚೆಂಡನ್ನು ಎಸೆಯುವ ಆಟಗಾರ ಕ್ವಾರ್ಟರ್‌ಬ್ಯಾಕ್. ಅವನ ಮುಂದೆ ಐದು ಜನ ದೈತ್ಯರು ಗೋಡೆ ಕಟ್ಟಿ ನಿಂತಿರುತ್ತಾರೆ. ಆ ಗೋಡೆ ದಾಟಿ, ಅವನು ಚೆಂಡು ಎಸೆಯುವ ಮೊದಲೇ ಅವನನ್ನು ಹಿಡಿದು ಕೆಡವಿದರೆ ಅದಕ್ಕೆ ಸ್ಯಾಕ್ ಅನ್ನುತ್ತಾರೆ. ಸಿಗುವ ಸಮಯ ಎರಡು ಮೂರು ಸೆಕೆಂಡು, ಅಷ್ಟೇ.

ಈ ಹೆಸರನ್ನು ಜನಪ್ರಿಯ ಮಾಡಿದವರು ಡೀಕನ್ ಜೋನ್ಸ್. 1961ರಲ್ಲಿ ಲಾಸ್ ಏಂಜಲೀಸ್‌ನ ರ‍್ಯಾಮ್ಸ್ ತಂಡ ಅವರನ್ನು ಆರಿಸಿಕೊಂಡದ್ದು ಡ್ರಾಫ್ಟಿನ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಕ್ರಮ) 14ನೇ ಸುತ್ತಿನಲ್ಲಿ, ಅಂದರೆ ಹೆಚ್ಚು ಕಡಿಮೆ ಯಾರಿಗೂ ಬೇಡವಾಗಿದ್ದ ಹುಡುಗ. ಎದುರಾಳಿಗಳನ್ನೆಲ್ಲ ಒಂದು ಗೋಣಿಚೀಲಕ್ಕೆ ತುಂಬಿ ಬಡಿದ ಹಾಗೆ, ಅದಕ್ಕೇ ಸ್ಯಾಕ್, ಅಂತ ಅವರೇ ವಿವರಿಸಿದ್ದುಂಟು. ಕಾಫಿ ಚೀಲ ಹೊತ್ತು ಬೆಳೆದ ನಮಗೆ ಇದು ಬೇಗ ಅರ್ಥವಾಗುತ್ತದೆ ಅಲ್ವಾ? ಆದರೆ ಅವರು ಆಡಿದ ಕಾಲದಲ್ಲಿ ಸ್ಯಾಕನ್ನು ಯಾರೂ ಅಧಿಕೃತವಾಗಿ ಲೆಕ್ಕ ಇಡುತ್ತಿರಲಿಲ್ಲ. ಆ ಆಟದ ದೊಡ್ಡ ಲೀಗ್ ಎನ್‌ಎಫ್‌ಎಲ್ ಅದನ್ನು ದಾಖಲೆಗೆ ತೆಗೆದುಕೊಂಡದ್ದು 1982ರಿಂದ. ಅಷ್ಟರಲ್ಲಿ ಜೋನ್ಸ್ ಆಟ ಬಿಟ್ಟು ಎಂಟು ವರ್ಷ ಆಗಿತ್ತು. ಹಳೆಯ ಪಂದ್ಯಗಳ ದಾಖಲೆ ಕೆದಕಿ ಕೆದಕಿ ಕೆಲವರು ಒಟ್ಟು ಹಾಕಿದ ಲೆಕ್ಕ 2021ರಲ್ಲಿ ಹೊರಬಂತು. ಜೋನ್ಸ್ ಹೆಸರಿಗೆ 173.5 ಸ್ಯಾಕ್. ಅವರು 2013ರಲ್ಲೇ ತೀರಿಕೊಂಡಿದ್ದರು. ನನಗೆ ಇದನ್ನು ಓದಿದಾಗ ನಿಜವಾಗಿ ಸಂಕಟವಾಯಿತು. (ಈ ಅರ್ಧ ಯಾಕೆ ಅಂದರೆ, ಇಬ್ಬರು ಸೇರಿ ಕೆಡವಿದರೆ ಇಬ್ಬರಿಗೂ ಅರ್ಧರ್ಧ.)

ಇನ್ನು ವಾಟ್. ಹುಟ್ಟಿದ್ದು 1989, ವಿಸ್ಕಾನ್ಸಿನ್ ರಾಜ್ಯದಲ್ಲಿ. ಅಪ್ಪ ಅಗ್ನಿಶಾಮಕ ದಳದಲ್ಲಿದ್ದವರು. ನಿಮ್ಮ ಮಗ ಕೇಳಿಸಿಕೊಳ್ಳಬೇಕಾದ ವಿಷಯ ಏನು ಗೊತ್ತಾ? ಕಾಲೇಜಿಗೆ ಬಂದಾಗ ವಾಟ್ ಮೊದಲು ಡಿಫೆನ್ಸ್ ಆಡುತ್ತಲೇ ಇರಲಿಲ್ಲ. ಸೆಂಟ್ರಲ್ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಅವರದು ಚೆಂಡು ಹಿಡಿದು ಓಡುವ ಟೈಟ್ ಎಂಡ್ ಜಾಗ, ನಮ್ಮ ಲೆಕ್ಕದಲ್ಲಿ ಫಾರ್ವರ್ಡ್ ಅಂತಲೇ ಇಟ್ಟುಕೊಳ್ಳಿ. ಅಲ್ಲಿ ಸ್ಕಾಲರ್‌ಶಿಪ್ ಇತ್ತು. ಅದನ್ನು ಬಿಟ್ಟು ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ಬಂದರು, ಸ್ಕಾಲರ್‌ಶಿಪ್ ಇಲ್ಲದೆ, ಟೀಮಿನಲ್ಲಿ ಜಾಗದ ಖಾತ್ರಿಯೂ ಇಲ್ಲದೆ. ನಡುವೆ ಊರಲ್ಲಿ ಮನೆ ಮನೆಗೆ ಪಿಜ್ಜಾ ತಲುಪಿಸುವ ಕೆಲಸ. ಒಂದು ಮನೆಯ ಬಾಗಿಲಲ್ಲಿ ಚಿಕ್ಕ ಹುಡುಗನೊಬ್ಬ ಗುರುತು ಹಿಡಿದು, ನೀವು ಫುಟ್‌ಬಾಲ್ ಆಡುವವರಲ್ವಾ, ಪಿಜ್ಜಾ ಯಾಕೆ ತಂದಿರಿ ಅಂತ ಕೇಳಿಬಿಟ್ಟನಂತೆ. ಇದು ವಾಟ್ ಅವರೇ ಹೇಳಿಕೊಂಡಿರುವ ಮಾತು. ವಿಸ್ಕಾನ್ಸಿನ್‌ನಲ್ಲಿ ಅವರನ್ನು ಡಿಫೆನ್ಸಿಗೆ ಹಾಕಿದರು. ತಡೆಯುವ ಜಾಗಕ್ಕೆ ಬಂದ ಮೇಲೆಯೇ ಅವರು ಜೆ. ಜೆ. ವಾಟ್ ಆದದ್ದು.

2011ರಲ್ಲಿ ಹೂಸ್ಟನ್ ಟೆಕ್ಸನ್ಸ್ ತಂಡ ಡ್ರಾಫ್ಟಿನಲ್ಲಿ ಅವರನ್ನು 11ನೆಯವರಾಗಿ ಆರಿಸಿತು. 2012ರಲ್ಲಿ 20.5 ಸ್ಯಾಕ್, 2014ರಲ್ಲಿ ಮತ್ತೆ 20.5. ಎರಡು ಸೀಸನ್‌ಗಳಲ್ಲಿ 20 ದಾಟಿದವರು ಅವರಿಗಿಂತ ಮೊದಲು ಯಾರೂ ಇರಲಿಲ್ಲ. ವರ್ಷದ ಅತ್ಯುತ್ತಮ ಡಿಫೆನ್ಸ್ ಆಟಗಾರ ಪ್ರಶಸ್ತಿ ಮೂರು ಸಲ: 2012, 2014, 2015. ಇಷ್ಟೆಲ್ಲ ಅಂಕಿ ಹೇಳಿದ ಮೇಲೂ ಒಂದು ಮಾತು ಸೇರಿಸಲೇಬೇಕು. ಇಂಥ ಆಟಗಾರನನ್ನು ಹಿಡಿದಿಡಲು ಎದುರಾಳಿ ಇಬ್ಬರನ್ನು ನಿಲ್ಲಿಸುತ್ತಾರೆ. ಆಗ ಪಕ್ಕದವನಿಗೆ ದಾರಿ ಖಾಲಿ, ಸ್ಯಾಕ್ ಅವನ ಹೆಸರಿಗೆ. ಇಬ್ಬರನ್ನು ಮೈಮೇಲೆ ಎಳೆದುಕೊಂಡವನಿಗೆ ಆ ಕಾಲಂನಲ್ಲಿ ಸೊನ್ನೆ.

ನಮ್ಮಲ್ಲೂ ನೋಡಿ. ವಿ. ಆರ್. ರಘುನಾಥ್ ಭಾರತಕ್ಕೆ ಆಡಿದ್ದು ಬ್ಯಾಕ್ ಆಗಿ. ಆದರೆ ಜನ ಮಾತಾಡುವುದು ಪೆನಾಲ್ಟಿ ಕಾರ್ನರಿನಲ್ಲಿ ಅವರು ಹೊಡೆದ ಡ್ರ್ಯಾಗ್ ಫ್ಲಿಕ್ ಗೋಲುಗಳ ಬಗ್ಗೆ. ತಡೆದದ್ದು ಎಷ್ಟು ಅಂತ ಯಾರು ಬರೆದಿಟ್ಟಿದ್ದಾರೆ?

ಒಬ್ಬರು ಇಡುತ್ತಿದ್ದರು, ನಾನು ಕಂಡಿದ್ದೇನೆ. ಕೊಡವ ಕುಟುಂಬಗಳ ಹಾಕಿ ಹಬ್ಬ 1997ರಲ್ಲಿ ಕರಡದಲ್ಲಿ ಶುರುವಾಯಿತಲ್ಲ, ಅದಾಗಿ ಕೆಲವು ವರ್ಷಗಳ ಮಾತು. ಏಪ್ರಿಲ್ ಬಿಸಿಲು. ಗ್ಯಾಲರಿಯಲ್ಲಿ ನನ್ನ ಪಕ್ಕ ಕೂತಿದ್ದ ಹಿರಿಯರೊಬ್ಬರು ಕೋಟಿನ ಬಲ ಜೇಬಿನಲ್ಲಿ ಒಂದು ಹಿಡಿ ಕಾಫಿ ಬೀಜ ಇಟ್ಟುಕೊಂಡಿದ್ದರು. ಮೊಮ್ಮಗ ಬ್ಯಾಕ್. ಅವನು ಒಂದು ಚೆಂಡು ತಡೆದಾಗ ಒಂದು ಬೀಜ ಬಲ ಜೇಬಿನಿಂದ ಎಡ ಜೇಬಿಗೆ. ಕಣ್ಣು ಮಾತ್ರ ಮೈದಾನ ಬಿಡುತ್ತಿರಲಿಲ್ಲ. ಟೀಮು ಸೋತಿತು. ಹುಡುಗ ಮುಖ ಸಪ್ಪೆ ಮಾಡಿಕೊಂಡು ಬಂದು ನಿಂತ. ತಾತ ಎಡ ಜೇಬಿನ ಬೀಜ ಎಲ್ಲ ತೆಗೆದು ಅವನ ಅಂಗೈಗೆ ಸುರಿದು, "ಎಣಿಸು" ಅಂದರು. ಹತ್ತೊಂಬತ್ತು.

ಅಕ್ಕಾ, ಮುಂದಿನ ಪಂದ್ಯಕ್ಕೆ ನೀವೂ ಹೋಗಿ. ಕೈಯಲ್ಲಿ ಒಂದು ಚಿಕ್ಕ ನೋಟ್‌ಬುಕ್ ಇರಲಿ. ಕಿತ್ತುಕೊಂಡ ಚೆಂಡು, ಅಡ್ಡ ನಿಂತು ತಡೆದ ಪಾಸು, ಅವನಿಂದ ಶುರುವಾಗಿ ಮುಂದೆ ಹೋದ ಚೆಂಡು, ಎಲ್ಲಕ್ಕೂ ಒಂದೊಂದು ಗೆರೆ ಎಳೆಯಿರಿ. ರಾತ್ರಿ ಊಟಕ್ಕೆ ಕೂತಾಗ ತೋರಿಸಿ. ಆಮೇಲೂ ಫಾರ್ವರ್ಡೇ ಬೇಕು ಅಂದರೆ ಕೋಚ್ ಹತ್ತಿರ ಮಾತಾಡಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಸಿಟ್ಟಿನಲ್ಲಿ ಸ್ಟಿಕ್ ಅಟ್ಟಕ್ಕೆ ಹೋಗುವುದು ಬೇಡ.

ಪ್ರಶ್ನೆ: ಅಷ್ಟು ದೊಡ್ಡ ಆಟಗಾರ ವಾಟ್ 33ಕ್ಕೇ ಯಾಕೆ ನಿವೃತ್ತಿ ಆದರು?
— ಕಾಲೇಜು ವಿದ್ಯಾರ್ಥಿ, ಸುಂಟಿಕೊಪ್ಪ

ಉತ್ತರ: ಮೈ ಕೊಟ್ಟ ಬೆಲೆ ನೋಡಿದರೆ ಅಷ್ಟು ದಿನ ಆಡಿದ್ದೇ ದೊಡ್ಡದು ತಮ್ಮಾ. 2016ರಲ್ಲಿ ಬೆನ್ನಿನ ಆಪರೇಷನ್. 2017ರಲ್ಲಿ ಮೊಣಕಾಲಿನ ಕೆಳಗೆ ಮೂಳೆ ಮುರಿತ. 2018ರಲ್ಲಿ ವಾಪಸ್ ಬಂದು 16 ಸ್ಯಾಕ್ ಮಾಡಿದರು. 2019ರಲ್ಲಿ ಎದೆಯ ಸ್ನಾಯು ಹರಿಯಿತು. 2021ರಲ್ಲಿ ಅರಿಜೋನಾ ಕಾರ್ಡಿನಲ್ಸ್ ಸೇರಿದರು, ಅಲ್ಲಿ ಭುಜದ ಗಾಯ. 2022ರಲ್ಲಿ ಹೃದಯದ ಬಡಿತವೇ ತಪ್ಪಿ, ಅದನ್ನು ಶಾಕ್ ಕೊಟ್ಟು ಸರಿ ಮಾಡಬೇಕಾಯಿತು. ಅದೇ ವಾರ ಭಾನುವಾರ ಆಡಿದರು! ಇದು ನನಗೆ ಮೆಚ್ಚುಗೆಗಿಂತ ಜಾಸ್ತಿ ಭಯ ಹುಟ್ಟಿಸುತ್ತದೆ. ಆ ಅಕ್ಟೋಬರಿನಲ್ಲಿ ಅವರಿಗೆ ಮೊದಲ ಮಗು ಹುಟ್ಟಿತು, ಸೀಸನ್ ಮುಗಿಯುತ್ತಲೇ ಆಟ ಬಿಟ್ಟರು. 12 ಸೀಸನ್, 114.5 ಸ್ಯಾಕ್.

ಕಾಲು ಮುರಿದ ಆ 2017ರಲ್ಲೇ ಹಾರ್ವಿ ಚಂಡಮಾರುತಕ್ಕೆ ಹೂಸ್ಟನ್ ಮುಳುಗಿತ್ತು. 2 ಲಕ್ಷ ಡಾಲರ್ ಕೂಡಿಸೋಣ ಅಂತ ವಾಟ್ ಶುರು ಮಾಡಿದ ನಿಧಿಗೆ 3.7 ಕೋಟಿ ಡಾಲರಿಗೂ ಜಾಸ್ತಿ ಬಂತು. ಮರು ವರ್ಷ, 2018ರ ಆಗಸ್ಟಿನಲ್ಲಿ ನಮ್ಮ ಕೊಡಗಿನ ಗುಡ್ಡಗಳು ಜಾರಿದ್ದು ನಿಮಗೂ ನೆನಪಿರುತ್ತದೆ. ಮಕ್ಕಂದೂರು, ಜೋಡುಪಾಲದ ಕಡೆಯ ಮನೆಗಳು ಹೋದವು. ಮನೆ ಕಳೆದುಕೊಂಡವರಿಗೆ ಆ ಹೊತ್ತಲ್ಲಿ ಒಂದು ಕಂಬಳಿ ತಂದುಕೊಟ್ಟವರ ಮುಖವೂ ಮರೆತಿಲ್ಲ. ಹೂಸ್ಟನ್ ಜನ ವಾಟ್ ಅವರನ್ನು ಇಷ್ಟು ಹಚ್ಚಿಕೊಂಡದ್ದು ಬರೀ ಸ್ಯಾಕಿಗಲ್ಲ.

ಪ್ರಶ್ನೆ: ಅಮೆರಿಕನ್ ಫುಟ್‌ಬಾಲಿನಲ್ಲಿ ಭಾರತ ಮೂಲದವರು ಯಾರಾದರೂ ಡಿಫೆನ್ಸ್ ಆಡಿದ್ದಾರಾ?
— ಓದುಗರು, ಕುಶಾಲನಗರ

ಉತ್ತರ: ಆಡಿದ್ದಾರೆ. ಬ್ರ್ಯಾಂಡನ್ ಚಿಲ್ಲರ್, ತಂದೆಯ ಕಡೆಯಿಂದ ಭಾರತ ಮೂಲ. ಲೈನ್‌ಬ್ಯಾಕರ್ (ತಡೆಯುವ ಮುಂಚೂಣಿಯ ಹಿಂದೆ ನಿಲ್ಲುವವನು) ಆಗಿ 2004ರಿಂದ ಸೇಂಟ್ ಲೂಯಿಸ್ ರ‍್ಯಾಮ್ಸ್, 2008ರಿಂದ ಗ್ರೀನ್ ಬೇ ಪ್ಯಾಕರ್ಸ್. ಜೋನ್ಸ್ ಆಡಿದ ಅದೇ ರ‍್ಯಾಮ್ಸ್, ಅಷ್ಟರಲ್ಲಿ ಊರು ಬದಲಾಗಿತ್ತು.