ತೋಟ ಬಿಟ್ಟು ಬಂದ ಕಾಲುಗಳು

ಚಿಕ್ಕಮಗಳೂರಿನಲ್ಲಿ ಆಪ್ತಸಲಹೆ ನೀಡುವ ನನ್ನ ಬಳಿಗೆ, ಮಳೆ ಹಿಂದೆಗೆಯುತ್ತಿದ್ದ ಸೆಪ್ಟೆಂಬರಿನ ಒಂದು ಮಧ್ಯಾಹ್ನ 47 ವರ್ಷದ ಮಹಿಳೆಯೊಬ್ಬರು ಬಂದರು. ಅವರ ಅನುಮತಿ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಹೆಸರನ್ನೂ ಮನೆಯ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಇಲ್ಲಿ ಅವರನ್ನು ಗಿರಿಜಮ್ಮ ಎಂದು ಕರೆಯುತ್ತೇನೆ. ಮೂಡಿಗೆರೆ ಕಡೆಯ ಹಳ್ಳಿಯಲ್ಲಿ ಅವರದು ಸಣ್ಣ ಕಾಫಿ ತೋಟ. ಮಗನ ಪಿಯುಸಿ ಓದಿಗಾಗಿ ಪೇಟೆಯಲ್ಲಿ ಬಾಡಿಗೆ ಮನೆ ಮಾಡಿ ತಾಯಿ ಮಗ ಇಬ್ಬರೇ ಇದ್ದರು. ಯಜಮಾನರು ವಯಸ್ಸಾದ ತಾಯಿಯ ಜೊತೆ ತೋಟದಲ್ಲೇ ಉಳಿದು ಭಾನುವಾರಗಳಲ್ಲಿ ಬಂದು ಹೋಗುತ್ತಿದ್ದರು. ನಮ್ಮ ಜಿಲ್ಲೆಯಲ್ಲಿ ಹೀಗೆ ಎರಡು ಒಲೆ ಹೂಡಿದ ಮನೆಗಳು ಬಹಳ ಇವೆ.

“ಮೈ ಭಾರ ಮೇಡಂ. ಎದ್ರೂ ಭಾರ, ಕೂತ್ರೂ ಭಾರ,” ಎಂಬುದು ಅವರ ಮೊದಲ ಮಾತು. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುತ್ತಿರಲಿಲ್ಲ, ಮಧ್ಯಾಹ್ನ ಮಲಗಿದರೆ ಏಳಲು ಮನಸ್ಸಾಗುತ್ತಿರಲಿಲ್ಲ. ಒಂದು ವರ್ಷದಲ್ಲಿ ಎಂಟು ಕಿಲೋ ತೂಕ ಹೆಚ್ಚಿತ್ತು. ಮಂಡಿ ನೋವು ಶುರುವಾಗಿತ್ತು, ಮಗನ ಮೇಲೆ ಸಣ್ಣ ಮಾತಿಗೂ ಸಿಟ್ಟು ಬರುತ್ತಿತ್ತು, ನೆಂಟರ ಮನೆಯ ಮದುವೆಗೂ ಹೋಗದೆ ನೆಪ ಹೇಳುತ್ತಿದ್ದರು. ಖಿನ್ನತೆಯನ್ನು ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿಯಲ್ಲಿ ಅವರಿಗೆ 27ಕ್ಕೆ 13 ಅಂಕ ಬಂತು. 10ರಿಂದ 14ರವರೆಗಿನ ಅಂಕ ಮಧ್ಯಮ ಪ್ರಮಾಣದ ಖಿನ್ನತೆಯನ್ನು ಸೂಚಿಸುತ್ತದೆ. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿಯೇ ಕೇಳಿದೆ. ಇಲ್ಲವೆಂದರು. ಆ ಪ್ರಶ್ನೆಯನ್ನು ನಂತರದ ಭೇಟಿಗಳಲ್ಲೂ ಕೇಳುತ್ತಲೇ ಇದ್ದೆ.

ವ್ಯಾಯಾಮದ ಮಾತೆತ್ತುವ ಮುನ್ನ ಅವರನ್ನು ವೈದ್ಯರ ಬಳಿಗೆ ಕಳುಹಿಸಿದೆ. ರಕ್ತಹೀನತೆಯಿಂದಲೂ ಥೈರಾಯ್ಡ್ ಕೊರತೆಯಿಂದಲೂ ಇದೇ ಬಗೆಯ ಸುಸ್ತು ಬರುತ್ತದೆ. ಅದನ್ನು ಸೋಮಾರಿತನವೆಂದು ತಿಳಿದು ನಡೆಯಲು ಅಟ್ಟುವುದು ಅನ್ಯಾಯ. ಥೈರಾಯ್ಡ್, ರಕ್ತದೊತ್ತಡ, ಇಸಿಜಿ ಸರಿಯಾಗಿದ್ದವು. ಹಿಮೋಗ್ಲೋಬಿನ್ 11ರ ಆಸುಪಾಸಿನಲ್ಲಿತ್ತು. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಪರೀಕ್ಷೆಯಲ್ಲಿ 6.1 ಬಂದಿತ್ತು, 5.7ರಿಂದ 6.4ರವರೆಗೆ ಇದ್ದರೆ ಮಧುಮೇಹದ ಹೊಸ್ತಿಲಲ್ಲಿದ್ದೇವೆ ಎಂದರ್ಥ. ವೈದ್ಯರು ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟು, ದಿನಾ ವಾಕಿಂಗ್ ಮಾಡಿ ಎಂದಿದ್ದರು.

ಇಲ್ಲಿ ನಾನೊಂದು ತಪ್ಪು ಮಾಡಿದೆ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮದ ಚಟುವಟಿಕೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಅದನ್ನೇ ಹಿಡಿದು, ದಿನಕ್ಕೆ ಅರ್ಧ ಗಂಟೆಯಂತೆ ವಾರಕ್ಕೆ ಐದು ದಿನದ ಚೌಕಗಳನ್ನು ಒಂದು ಹಾಳೆಯ ಮೇಲೆ ಬರೆದುಕೊಟ್ಟೆ. ಅವರು ಮುಂದಿನ ಎರಡು ಭೇಟಿಗೂ ಬರಲಿಲ್ಲ. ಮೂರನೆಯದಕ್ಕೆ ಬಂದಾಗ ಆ ಹಾಳೆ ಪರ್ಸಿನೊಳಗೆ ನಾಲ್ಕು ಮಡಿಕೆಯಾಗಿ ಕುಳಿತಿತ್ತು, ಒಂದು ಚೌಕದಲ್ಲೂ ಗುರುತಿರಲಿಲ್ಲ. “ಏನೂ ಮಾಡ್ದೆ ನಿಮ್ಮ ಮುಖ ನೋಡೋಕೆ ನಾಚಿಕೆ ಆಯ್ತು,” ಎಂದರು. ಮೊದಲೇ ತನ್ನಿಂದ ಏನೂ ಆಗದೆಂದು ಕುಗ್ಗಿದ್ದ ಮನಸ್ಸಿಗೆ, ಸೋಲಲು ಇನ್ನೊಂದು ಕೆಲಸವನ್ನು ನಾನೇ ಕೈಯಾರೆ ಕೊಟ್ಟಿದ್ದೆ.

ಅಂದು ಹಾಳೆಯನ್ನು ಪಕ್ಕಕ್ಕಿಟ್ಟು, ತೋಟದಲ್ಲಿದ್ದಾಗ ನಿಮ್ಮ ಒಂದು ದಿನ ಹೇಗೆ ಕಳೆಯುತ್ತಿತ್ತು ಹೇಳಿ ಎಂದೆ. ಬೆಳಗ್ಗೆ ಐದೂವರೆಗೆ ಕೊಟ್ಟಿಗೆ, ಸಗಣಿ ಬಾಚಿ ಗೊಬ್ಬರದ ಗುಂಡಿಗೆ ಹಾಕುವುದು, ಹಾಲು ಕರೆದು ಕ್ಯಾನು ಹಿಡಿದು ಡೈರಿಗೆ ಹೋಗುವುದು, ಆಳುಗಳಿಗೆ ಕಾಫಿ ತಿಂಡಿ ಹೊತ್ತು ಇಳಿಜಾರಿನ ತೋಟಕ್ಕೆ ಇಳಿದು ಮತ್ತೆ ಏರುವುದು, ಕೊಯ್ಲಿನ ದಿನಗಳಲ್ಲಿ ಕಣದಲ್ಲಿ ಹರವಿದ ಕಾಫಿಯನ್ನು ಹೊತ್ತು ಹೊತ್ತಿಗೆ ಕೈಯಾಡಿಸುವುದು. ಕಣದ ಮಾತು ಬಂದಾಗ ಅವರ ಎರಡೂ ಕೈಗಳು ತಮ್ಮಷ್ಟಕ್ಕೆ ಮುಂದೆ ಚಾಚಿ, ಇಲ್ಲದ ಹಲಿಗೆಯನ್ನು ಹಿಡಿದು ಎಳೆದವು. ಬೆನ್ನು ನೆಟ್ಟಗಾಯಿತು. ಆ ಐದು ನಿಮಿಷದಲ್ಲಿ ಕಂಡ ಮುಖವನ್ನು ಅದುವರೆಗೆ ನಾನು ಕಂಡಿರಲಿಲ್ಲ.

ಪೇಟೆಯ ಮನೆಯಲ್ಲಾದರೋ ಹಾಲು ಬಾಗಿಲಿಗೇ ಬರುತ್ತಿತ್ತು, ತರಕಾರಿ ಗಾಡಿ ಬಾಗಿಲಿಗೇ ಬರುತ್ತಿತ್ತು, ಬಟ್ಟೆಗೆ ಯಂತ್ರವಿತ್ತು. ಮಲಗುವ ಕೋಣೆಯಿಂದ ಅಡುಗೆಮನೆಗೆ ಹದಿನಾಲ್ಕು ಹೆಜ್ಜೆ ಎಂದು ಅವರೇ ಎಣಿಸಿ ಇಟ್ಟುಕೊಂಡಿದ್ದರು. ಮೂವತ್ತು ವರ್ಷ ಯಾರೂ ವ್ಯಾಯಾಮವೆಂದು ಕರೆಯದಿದ್ದ ಒಂದು ವ್ಯಾಯಾಮ ಒಂದೇ ದಿನ ನಿಂತುಹೋಗಿತ್ತು. ಅವರು ಕಳೆದುಕೊಂಡದ್ದು ಶಿಸ್ತನ್ನಲ್ಲ, ಕಾಲಿಗಿದ್ದ ಕೆಲಸವನ್ನು. ಕಾಲಿಗೆ ಕೆಲಸ ಹುಡುಕಿಕೊಡದೆ ನಡೆಯಿರಿ ಎಂದರೆ ಎಲ್ಲಿಗೆ ನಡೆಯುತ್ತಾರೆ?

ಲಂಡನ್ನಿನ ಬಸ್ಸುಗಳ ಕುರಿತು ಜೆರ್ರಿ ಮಾರಿಸ್ ಎಂಬ ವೈದ್ಯರು 1953ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಅವರಿಗೆ ಹೇಳಿದೆ. ದಿನವಿಡೀ ಕುಳಿತಿರುವ ಡ್ರೈವರುಗಳಿಗಿಂತ, ಎರಡಂತಸ್ತಿನ ಬಸ್ಸಿನ ಮೆಟ್ಟಿಲನ್ನು ಹತ್ತಿ ಇಳಿಯುತ್ತಿದ್ದ ಕಂಡಕ್ಟರುಗಳಲ್ಲಿ ಹೃದಯದ ಕಾಯಿಲೆ ಕಡಿಮೆಯಿತ್ತು. ಗಿರಿಜಮ್ಮ ತಕ್ಷಣ, “ಹಂಗಾದ್ರೆ ತೋಟದಲ್ಲಿ ನಾನು ಕಂಡಕ್ಟರು, ಇಲ್ಲಿಗೆ ಬಂದು ಡ್ರೈವರ್ ಆಗಿದೀನಿ,” ಎಂದರು. ನಾನು ಅರ್ಧ ಗಂಟೆ ವಿವರಿಸಬೇಕೆಂದಿದ್ದುದು ಆ ಒಂದು ಮಾತಿನಲ್ಲಿ ಮುಗಿದಿತ್ತು.

ಮೊದಲು ಮನೆಗೆ ಬರುವ ಹಾಲನ್ನು ನಿಲ್ಲಿಸಿ, ಹತ್ತು ನಿಮಿಷ ದೂರದ ಹಾಲಿನ ಬೂತಿನಿಂದ ಬೆಳಗ್ಗೆ ತಾವೇ ತರಬೇಕೆಂದು ಒಪ್ಪಂದ ಮಾಡಿಕೊಂಡೆವು. ಹೋಗಿ ಬರುವುದಕ್ಕೆ ಇಪ್ಪತ್ತು ನಿಮಿಷ. ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ದೇಹದೊಳಗಿನ ಗಡಿಯಾರ ತಿದ್ದಿಕೊಂಡು ರಾತ್ರಿ ನಿದ್ದೆಗೆ ಅನುಕೂಲವಾಗುತ್ತದೆ. ಅದಕ್ಕೇ ಸಂಜೆಯ ಬದಲು ಬೆಳಗನ್ನು ಆರಿಸಿದೆ. ರಾತ್ರಿ ಊಟವಾದ ಮೇಲೆ ಹತ್ತು ನಿಮಿಷ ತಾರಸಿಯ ಮೇಲೆ ಓಡಾಡುವುದು ಎರಡನೆಯದು. ಕೆಲಸ ಮಾಡುವ ಸ್ನಾಯು ಇನ್ಸುಲಿನ್ನಿನ ನೆರವಿಗೆ ಕಾಯದೆಯೂ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳಬಲ್ಲದು. ಮುದ್ದೆ, ಅನ್ನ ಉಂಡ ಮೇಲಿನ ನಡಿಗೆಗೆ ಆ ಬೆಲೆಯಿದೆ. ಮಂಡಿಗಾಗಿ ವಾರಕ್ಕೆ ಎರಡು ದಿನ, ಕೈಯೂರದೆ ಕುರ್ಚಿಯಿಂದ ಎದ್ದು ಕೂರುವುದನ್ನು ಎಂಟೆಂಟು ಬಾರಿ ಮಾಡಿಸಿದೆ. ಮಂಡಿ ನೋವಿಗೆ ವಿಶ್ರಾಂತಿಯೇ ಮದ್ದೆಂದು ಹಲವರು ತಿಳಿದಿದ್ದಾರೆ, ಆದರೆ ತೊಡೆಯ ಸ್ನಾಯು ಸೋತಷ್ಟೂ ಮಂಡಿಯ ಮೇಲೆ ಭಾರ ಹೆಚ್ಚುತ್ತದೆ. ಮೂರು ತಿಂಗಳು ತೂಕದ ಯಂತ್ರವನ್ನು ಹತ್ತಬಾರದು ಎಂದೂ ಹೇಳಿದೆ.

ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ ಸಾಕು. ಎದೆ ಹಿಡಿದಂತಾದರೆ, ತಲೆ ಸುತ್ತಿದರೆ ಅಲ್ಲೇ ನಿಂತು ವೈದ್ಯರಿಗೆ ತಿಳಿಸಬೇಕು.

ಬೂಟಿನ ವಿಷಯ ಹೆಚ್ಚು ಹೊತ್ತು ತೆಗೆದುಕೊಂಡಿತು. ಮಗ ತಂದುಕೊಟ್ಟಿದ್ದ ಬೂಟನ್ನು ಅವರು ಡಬ್ಬದಲ್ಲೇ ಇಟ್ಟು, ಮೇಲೆ ಹಳೆಯ ಪತ್ರಿಕೆ ಮುಚ್ಚಿದ್ದರು. ಸೀರೆಯ ಕೆಳಗೆ ಬೂಟು ಹಾಕಿಕೊಂಡು ಹೋದರೆ ಬೀದಿಯವರು ಏನೆನ್ನುತ್ತಾರೋ ಎಂಬ ಅಂಜಿಕೆ. ಮಳೆಗಾಲದಲ್ಲಿ ತೋಟಕ್ಕೆ ಏನು ಹಾಕಿಕೊಂಡು ಹೋಗುತ್ತಿದ್ದಿರಿ ಎಂದು ಕೇಳಿದೆ. ಇಂಬಳದ ಕಾಟಕ್ಕೆ ಗಮ್‌ಬೂಟು, ಸೀರೆಯ ಮೇಲೆ ಯಜಮಾನರ ಹಳೆಯ ಅಂಗಿ ಎಂದವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಮರುದಿನವೇ ಬೂಟು ಹೊರಬಂದಿತು. ಎದುರುಮನೆಯ ನಿವೃತ್ತ ಟೀಚರೊಬ್ಬರು ಜೊತೆಯಾದರು. ಇನ್ನೊಬ್ಬರು ಗೇಟಿನ ಬಳಿ ಕಾಯುತ್ತಿದ್ದಾರೆ ಎಂಬುದು ಮನಸ್ಸಿಲ್ಲದ ದಿನಗಳಲ್ಲಿ ನನ್ನ ಯಾವ ಸಲಹೆಗಿಂತಲೂ ಹೆಚ್ಚು ನೆರವಾಯಿತು.

ಖಿನ್ನತೆಯಲ್ಲಿರುವವರು ಮನಸ್ಸು ಬಂದ ಮೇಲೆ ಮಾಡುತ್ತೇನೆ ಎಂದು ಕಾಯುತ್ತಾರೆ, ಆ ಮನಸ್ಸು ಬರುವುದೇ ಇಲ್ಲ. ಮೊದಲು ಹೆಜ್ಜೆ, ಆಮೇಲೆ ಮನಸ್ಸು ಎಂಬುದನ್ನು ಅವರು ನನ್ನ ಮಾತಿನಿಂದ ನಂಬುವ ಬದಲು ತಾವೇ ಕಾಣಲೆಂದು, ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಹೊರಡುವ ಮುನ್ನ ಮತ್ತು ಬಂದ ಮೇಲೆ ಮನಸ್ಸಿಗೆ ಹತ್ತಕ್ಕೆ ಎಷ್ಟು ಅಂಕವೆಂದು ಬರೆಯಲು ಹೇಳಿದೆ. ಅರ್ಧ ಲೀಟರಿನ ಪಕ್ಕದಲ್ಲಿ 3–5, 4–5, 3–6 ಎಂದು ಸಣ್ಣ ಅಂಕಿಗಳು ಕೂಡುತ್ತಾ ಹೋದವು. ಕೆಲವು ದಿನ 4–4 ಎಂದೂ ಇತ್ತು. ಅದನ್ನೂ ಬರೆದಿದ್ದರಲ್ಲ ಎಂದು ನನಗೆ ಸಂತೋಷವಾಯಿತು.

ನವೆಂಬರಿನಲ್ಲಿ ಯಜಮಾನರು ಜೊತೆಗೆ ಬಂದರು. “ಮನೆಕೆಲಸ ಮಾಡ್ತಾಳಲ್ಲ, ಅದು ಸಾಲ್ದಾ? ನಡೆದ್ರೆ ಸಕ್ಕರೆ ಕಾಯ್ಲೆ ನಿಲ್ತದಾ?” ಎಂಬುದು ಅವರ ಪ್ರಾಮಾಣಿಕ ಪ್ರಶ್ನೆಯಾಗಿತ್ತು. ಮಧುಮೇಹದ ಹೊಸ್ತಿಲಲ್ಲಿದ್ದವರ ಮೇಲೆ ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಾರಕ್ಕೆ 150 ನಿಮಿಷದ ಚಟುವಟಿಕೆ ಮತ್ತು ಆಹಾರದ ಹಿಡಿತದಿಂದ ತೂಕ ಇಳಿಸುವ ಗುರಿ ಹೊಂದಿದ್ದವರಲ್ಲಿ ಕಾಯಿಲೆ ಬರುವುದು ಶೇ 58ರಷ್ಟು ತಗ್ಗಿತು. ಚೆನ್ನೈನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಭಾರತೀಯ ಅಧ್ಯಯನದಲ್ಲಿ ಈ ಇಳಿಕೆ ಶೇ 28.5ರಷ್ಟಿತ್ತು. ನಿಲ್ಲುತ್ತದೆಂದು ಖಾತ್ರಿ ಕೊಡಲಾರೆ, ತಡೆಯುವ ಅವಕಾಶ ದೊಡ್ಡದು ಎಂದೆ. ನೀವು ಭಾನುವಾರ ಏನು ಮಾಡಬಲ್ಲಿರಿ ಎಂದು ಕೇಳಿದಾಗ ಅವರು ಬಹಳ ಯೋಚಿಸಿ, ಟಿವಿ ಮುಂದೆ ಕೂರುವ ಬದಲು ರತ್ನಗಿರಿ ಬೋರೆಗೆ ಇಬ್ಬರೂ ನಡೆದು ಹೋಗಬಹುದು ಎಂದರು. ಹೋಗಲು ತೊಡಗಿದರು. ಬೋರೆಯ ಏರಿನಲ್ಲಿ ಆಡುವ ಮಾತು ಮನೆಯೊಳಗೆ ವರ್ಷದಿಂದ ಆಡಿರಲಿಲ್ಲವಂತೆ.

ಫೆಬ್ರವರಿಯಲ್ಲಿ ಎಲ್ಲವೂ ನಿಂತಿತು. ಮಗನ ಪರೀಕ್ಷೆಯ ಆತಂಕ, ರೋಬಸ್ಟಾ ಕೊಯ್ಲಿಗೆ ಆಳುಗಳಿಲ್ಲವೆಂಬ ಚಿಂತೆ, ನಡುವೆ ಹದಿನೈದು ದಿನ ಕ್ಯಾಲೆಂಡರ್ ಖಾಲಿ. ಈ ಬಾರಿ ಅವರು ಭೇಟಿಯನ್ನು ತಪ್ಪಿಸಲಿಲ್ಲ. ತೀರಾ ಆಗದ ದಿನ ಐದೇ ನಿಮಿಷ ಗೇಟಿನಾಚೆ ಹೋಗಿ ಬರುವುದೆಂದು ನಿಶ್ಚಯಿಸಿ ಮತ್ತೆ ಆರಂಭಿಸಿದೆವು.

ಏಪ್ರಿಲ್ ಹೊತ್ತಿಗೆ ಖಿನ್ನತೆಯ ಅಂಕ 6ಕ್ಕೆ, ಸಕ್ಕರೆ 5.8ಕ್ಕೆ ಇಳಿದಿದ್ದವು. ತೂಕ ಇಳಿದದ್ದು ಮೂರು ಕಿಲೋ ಮಾತ್ರ. ವಾರದಲ್ಲಿ ಐದಾರು ರಾತ್ರಿ ಬೆಳಗಿನ ಜಾವ ಐದು ಗಂಟೆಯವರೆಗೆ ನಿದ್ದೆ ಬರುತ್ತಿತ್ತು. ಇದೆಲ್ಲ ನಡಿಗೆಯೊಂದರಿಂದಲೇ ಆಯಿತೆಂದು ನಾನು ಹೇಳಲಾರೆ. ಕಬ್ಬಿಣದ ಮಾತ್ರೆಯ, ಟೀಚರಮ್ಮನ ಗೆಳೆತನದ, ಭಾನುವಾರಗಳ ಪಾಲೂ ಇದೆ. ಅಂಕ ಇಳಿಯದೆ ಹೋಗಿದ್ದರೆ ಮನೋವೈದ್ಯರ ಬಳಿಗೆ ಕಳುಹಿಸುತ್ತಿದ್ದೆ. ಬದುಕೇ ಬೇಡವೆನ್ನಿಸುವವರು ಇದನ್ನು ಓದುತ್ತಿದ್ದರೆ, ಹಗಲು ರಾತ್ರಿ ಯಾವಾಗ ಬೇಕಾದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಜೂನ್ ಕೊನೆಯಲ್ಲಿ ಅವರು ಬಂದಾಗ ಹೊರಗೆ ಬಿಡದೆ ಮಳೆ ಹೊಯ್ಯುತ್ತಿತ್ತು. ಕ್ಯಾಲೆಂಡರಿನ ಹಾಳೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದಿದ್ದರು. ಮಳೆ ಜೋರಿದ್ದ ದಿನಗಳ ಚೌಕದಲ್ಲಿ ‘ಕುರ್ಚಿ 10, ಮೆಟ್ಲು 6 ಸಲ’ ಎಂದು ಬರೆದಿತ್ತು. ಮಗ ಓದಲು ಬೆಂಗಳೂರಿಗೆ ಹೊರಟಿದ್ದ, ಪೇಟೆಯ ಮನೆಯನ್ನು ಬಿಟ್ಟು ತೋಟಕ್ಕೆ ಮರಳುವುದೆಂದು ನಿರ್ಧಾರವಾಗಿತ್ತು. ಮುಂದಿನ ಭೇಟಿಯನ್ನು ದೀಪಾವಳಿಯ ನಂತರಕ್ಕೆ ಗೊತ್ತು ಮಾಡಿಕೊಂಡು, ಬೂಟು ಕಳಚಿಟ್ಟಿದ್ದ ಬಾಗಿಲ ಬಳಿ ಕುಳಿತು ದಾರ ಕಟ್ಟಿಕೊಂಡರು.