ಕೆಎ ನಂಬರಿನ ಕಾರು, ಪುಣೆಯ ವಾಸ

ಪ್ರಶ್ನೆ: ಧಾರವಾಡದಲ್ಲಿ ನೋಂದಣಿಯಾದ ಕಾರನ್ನು ಪುಣೆಗೆ ತಂದು ಎಂಟು ತಿಂಗಳಾಯಿತು. ನಂಬರ್ ಬದಲಿಸಲೇಬೇಕೇ? ಲೈಸೆನ್ಸ್ ಕೂಡ?
– ಓದುಗರೊಬ್ಬರು, ಹಿಂಜವಡಿ

ಉತ್ತರ: ಲೈಸೆನ್ಸ್ ದೇಶದೆಲ್ಲೆಡೆ ನಡೆಯುತ್ತದೆ, ಆ ಚಿಂತೆ ಬಿಡಿ. ಕಾರಿನ ಮಾತು ಬೇರೆ. 1988ರ ಮೋಟಾರು ವಾಹನ ಕಾಯ್ದೆಯ 47ನೇ ಕಲಮಿನಂತೆ, ಬೇರೆ ರಾಜ್ಯದಲ್ಲಿ 12 ತಿಂಗಳು ಮೀರಿ ಇಟ್ಟುಕೊಂಡ ವಾಹನಕ್ಕೆ ಅಲ್ಲಿಯ ನಂಬರ್ ಪಡೆಯಲೇಬೇಕು. ನಾಲ್ಕು ತಿಂಗಳು ಉಳಿದಿದೆಯೆಂದು ಕೂರಬೇಡಿ, ಈಗಲೇ ಶುರು ಮಾಡಿ.

ಮೊದಲು ಧಾರವಾಡ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ, ಅಂದರೆ ಫಾರ್ಮ್ 28. ಹೆಚ್ಚಿನವರು ಎಡವುವುದು ಇಲ್ಲೇ. ಇ-ಚಲನ್ ಬಾಕಿಯಿದ್ದರೆ, ಸಾಲದ ಕಾರಿಗೆ ಬ್ಯಾಂಕಿನ ಒಪ್ಪಿಗೆ ಪತ್ರ ಇಲ್ಲದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಕಾರಿನ ಮೇಲೆ ಕೆತ್ತಿರುವ ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಉಜ್ಜಿ ತೆಗೆದ ಪೆನ್ಸಿಲ್ ಅಚ್ಚೂ ಬೇಕು. ಕಾರು ಬಿಟ್ಟು ಊರಿಗೆ ಹೋಗುವವರು ಅದನ್ನು ಮರೆತು ಮತ್ತೊಮ್ಮೆ ಅಲೆಯುತ್ತಾರೆ.

ನಂತರ ಪಿಂಪ್ರಿ-ಚಿಂಚವಡ ಆರ್‌ಟಿಒದಲ್ಲಿ ಫಾರ್ಮ್ 27, ಜೊತೆಗೆ ಆರ್‌ಸಿ, ವಿಮೆ, ಪಿಯುಸಿ (ಹೊಗೆ ತಪಾಸಣೆ ಪತ್ರ), ವಿಳಾಸದ ದಾಖಲೆ. ಮಹಾರಾಷ್ಟ್ರದ ತೆರಿಗೆಯನ್ನು ಕಾರಿನ ವಯಸ್ಸು ನೋಡಿ ಹಾಕುತ್ತಾರೆ. ಎಂಎಚ್ 14 ನಂಬರ್ ಬಂದ ಮೇಲೆ ಕರ್ನಾಟಕದಲ್ಲಿ ಕಟ್ಟಿದ ಆಜೀವ ತೆರಿಗೆಯ ಉಳಿದ ಪಾಲಿಗೆ ಅರ್ಜಿ ಹಾಕಿ. ಕೇಳದೆ ಅದು ಬರುವುದಿಲ್ಲ. ವಿಮೆ, ಫಾಸ್ಟ್ಯಾಗ್ ಎರಡರಲ್ಲೂ ನಂಬರ್ ಬದಲಿಸಿ.

ಅಲ್ಲಿಯವರೆಗೆ, ಕಾರು ಯಾವಾಗ ಬಂತೆಂದು ತೋರಿಸಲು ಟೋಲ್ ದಾಖಲೆ ಫೋನಿನಲ್ಲಿರಲಿ.