ಗರಸು ನೆಲಕ್ಕೆ ಯಾವ ಬಾಕ್ಸ್ ಬ್ಲೇಡ್? ಮೊದಲು ತೂಕ ಕೇಳಿ

ಪಾವಗಡದ ಕಡೆ ಕಲ್ಲು ತುಂಬಿದ ಗರಸು ಜಮೀನು, 45 ಎಚ್‌ಪಿ ಟ್ರ್ಯಾಕ್ಟರ್ ಇದೆ, ತೋಟದ ದಾರಿ ಮತ್ತು ಕಣ ಸಮ ಮಾಡಲು ಆರು ಅಡಿ ಬಾಕ್ಸ್ ಬ್ಲೇಡ್ ತಗೊಳ್ಳಲಾ, ಏಳು ಅಡಿಯದಾ ಎಂದು ಕೇಳಿದ್ದೀರಿ. ಬಾಕ್ಸ್ ಬ್ಲೇಡ್ ಅಂದರೆ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಸಿ ಮಣ್ಣು ಬಾಚಿ ನೆಲ ಸಮ ಮಾಡುವ, ಪೆಟ್ಟಿಗೆಯಾಕಾರದ ಉಪಕರಣ. ನಿಮಗೆ ಆರು ಅಡಿಯದು ಸಾಕು. ಹಿಂದಿನ ಟೈರುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಟೇಪು ಹಿಡಿಯಿರಿ. ಬ್ಲೇಡು ಅದಕ್ಕಿಂತ ನಾಲ್ಕು ಬೆರಳು ಜಾಸ್ತಿ ಇದ್ದರೆ ಟೈರಿನ ಗುರುತು ಅಳಿಸಿಹೋಗುತ್ತದೆ.

ಅಂಗಡಿಯವರು ಅಗಲ ಹೇಳುತ್ತಾರೆ, ನೀವು ತೂಕ ಕೇಳಿ. ನಮ್ಮ ಟ್ರ್ಯಾಕ್ಟರುಗಳ ಹೈಡ್ರಾಲಿಕ್ ಉಪಕರಣವನ್ನು ಎತ್ತುತ್ತದೆ, ಕೆಳಕ್ಕೆ ಒತ್ತುವುದಿಲ್ಲ. ಹಾಗಾಗಿ ನೆಲ ಗಟ್ಟಿಯಿದ್ದಾಗ ಹಗುರ ಬ್ಲೇಡು ಮೇಲೆ ಮೇಲೆ ಜಾರುತ್ತದೆ, ಸುಮ್ನೆ ಡೀಸೆಲ್ ದಂಡ. ಅದೇ ತೂಕವನ್ನು ಏಳು ಅಡಿಗೆ ಹರಡಿದರೆ ಪ್ರತಿ ಅಡಿಗೆ ಬೀಳುವ ಭಾರ ಇನ್ನೂ ಕಮ್ಮಿ, ಅಲ್ವಾ? ಆರು ಅಡಿಯ ಸಾಧಾರಣ ಬ್ಲೇಡು 200ರಿಂದ 250 ಕೆಜಿ ಇರುತ್ತದೆ. ನಿಮ್ಮ ನೆಲಕ್ಕೆ 350ರಿಂದ 400 ಕೆಜಿಯದು ಬೇಕು. ನಿಮ್ಮದರಂಥ ಟ್ರ್ಯಾಕ್ಟರು ಸಾಮಾನ್ಯವಾಗಿ 1500 ಕೆಜಿ ಆಸುಪಾಸು ಎತ್ತುತ್ತದೆ, ಅದರ ಚಿಂತೆ ಬೇಡ. ಏರಿನಲ್ಲಿ ಮುಂಭಾಗ ಹಗುರವಾದಂತೆ ಕಂಡರೆ ಮುಂದೆ ವೇಟ್ ಹಾಕಿಸಿ.

ಆಮೇಲೆ ರಿಪ್ಪರ್ ಹಲ್ಲು, ಅಂದರೆ ಬ್ಲೇಡಿನ ಮುಂದೆ ನೆಲ ಸೀಳುವ ಹಲ್ಲುಗಳು. ಗರಸು ನೆಲವನ್ನು ನಿಜವಾಗಿ ಬಿಡಿಸುವುದು ಇವೇ. ಬಿಡಿಸಿದ್ದನ್ನು ಬಾಚಿ ಎಳೆಯುವುದಷ್ಟೇ ಬ್ಲೇಡಿನ ಕೆಲಸ. ಐದು ಹಲ್ಲು ಇರಲಿ, ಪಿನ್ ತೆಗೆದು ಪ್ರತಿಯೊಂದನ್ನೂ ಬೇರೆ ಬೇರೆ ಆಳಕ್ಕೆ ಇಳಿಸುವಂತಿರಲಿ. ಕಲ್ಲು ನೆಲದಲ್ಲಿ ತುದಿ ಬೇಗ ಸವೆಯುತ್ತದೆ, ಆದ್ದರಿಂದ ಬರೀ ತುದಿ ಬದಲಿಸಲು ಬರುವ ಹಲ್ಲನ್ನೇ ಕೇಳಿ. ಬ್ಲೇಡಿನ ಅಂಚು ಬೆಸುಗೆ ಹಾಕಿದ್ದು ಬೇಡ. ಬೋಲ್ಟ್ ಹಾಕಿದ್ದಾದರೆ ಒಂದು ಬದಿ ಸವೆದಾಗ ತಿರುಗಿಸಿ ಹಾಕಬಹುದು. ಹಿಂದಿನ ಬ್ಲೇಡು ಕೀಲಿನ ಮೇಲೆ ಆಡುವ ಮಾದರಿಯೂ ಸಿಗುತ್ತದೆ. ಕಲ್ಲಿನ ಜಾಗಕ್ಕೆ ನಾನಂತೂ ಗಟ್ಟಿಯಾಗಿ ಕೂಡಿಸಿದ್ದನ್ನೇ ಆರಿಸುತ್ತೇನೆ.

ದುಡ್ಡು ಕೊಡುವ ಮೊದಲು ಹಾರೆ ತಗೊಂಡು ಜಮೀನಿನ ನಾಲ್ಕಾರು ಕಡೆ ಕುಟ್ಟಿ ನೋಡಿ. ಗರಸು ಉದುರಿದರೆ ಸರಿ. ಠಣ್ ಅಂತ ಹಾರೆ ವಾಪಸ್ ಎಗರಿದರೆ ಕೆಳಗೆ ಹಾಸುಬಂಡೆ ಇದೆ. ಅಲ್ಲಿ ಎಷ್ಟೇ ಭಾರದ ಬ್ಲೇಡು ತಂದರೂ ಉಪಯೋಗವಿಲ್ಲ, ಮೇಲೆ ಮಣ್ಣು ಹೊಡೆಸಿ ಏರಿಸಬೇಕು. ತಲೆ ಗಾತ್ರಕ್ಕಿಂತ ದೊಡ್ಡ ಕಲ್ಲುಗಳನ್ನು ಮೊದಲೇ ಜೆಸಿಬಿಯಿಂದ ಕೀಳಿಸಿ. ಸ್ಪ್ರಿಂಗ್ ಕಲ್ಟಿವೇಟರಿನ ಹಲ್ಲು ಕಲ್ಲಿಗೆ ತಾಗಿದರೆ ಹಿಂದಕ್ಕೆ ಬಾಗಿ ತಪ್ಪಿಸಿಕೊಳ್ಳುತ್ತದೆ. ಬಾಕ್ಸ್ ಬ್ಲೇಡಿನ ಹಲ್ಲಿಗೆ ಸಾಮಾನ್ಯವಾಗಿ ಆ ಅನುಕೂಲ ಇಲ್ಲ, ಪೆಟ್ಟು ನೇರ ಫ್ರೇಮಿಗೆ ಬೀಳುತ್ತದೆ. ಅದಕ್ಕೇ ಲೋ ಒಂದನೇ ಗೇರಿನಲ್ಲಿ ಹೋಗಿ. ಹಲ್ಲು ನೆಲದಲ್ಲಿರುವಾಗ ತಿರುಗಿಸಬೇಡಿ, ರಿವರ್ಸ್ ಹಾಕಲೇಬೇಡಿ.

ಮೊದಲ ಸುತ್ತಿಗೆ ಎರಡೇ ಹಲ್ಲು ಇಳಿಸಿ. ಐದೂ ಒಟ್ಟಿಗೆ ಇಳಿಸಿದರೆ ಗಟ್ಟಿ ನೆಲದಲ್ಲಿ ಚಕ್ರ ಗಿರಗಿರ ಸುತ್ತುತ್ತದೆ. ಟಾಪ್ ಲಿಂಕ್ (ಉಪಕರಣವನ್ನು ಟ್ರ್ಯಾಕ್ಟರಿಗೆ ಮೇಲಿನಿಂದ ಜೋಡಿಸುವ ಸರಳು) ಗಿಡ್ಡ ಮಾಡಿದರೆ ಬಾಕ್ಸು ಮುಂದಕ್ಕೆ ಬಾಗಿ ಹಲ್ಲು ಆಳಕ್ಕೆ ಹೋಗುತ್ತದೆ. ಉದ್ದ ಮಾಡಿದರೆ ಹಲ್ಲು ಮೇಲೆದ್ದು ಹಿಂದಿನ ಅಂಚು ನೆಲಕ್ಕೆ ಕೂರುತ್ತದೆ, ಕೊನೆಯ ನಯಗೆಲಸಕ್ಕೆ ಅದು ಬೇಕು. ಬೇಸಿಗೆಯಲ್ಲಿ ದಯವಿಟ್ಟು ಶುರು ಮಾಡಬೇಡಿ. ಒಂದು ಒಳ್ಳೆಯ ಮಳೆ ಬಿದ್ದು ನೆಲ ಹದಕ್ಕೆ ಬರಲಿ. ಅದೇ ಹಲ್ಲು, ಅದೇ ಟ್ರ್ಯಾಕ್ಟರು, ಕೆಲಸ ಎಷ್ಟೋ ಹಗುರವಾಗುತ್ತದೆ.

ಹತ್ತಿರದ ವರ್ಕ್‌ಶಾಪಿನಲ್ಲಿ ಮಾಡಿಸುವುದಾದರೂ ಇದೇ ಅಳತೆ, ಇದೇ ತೂಕ ಹೇಳಿ. ಜೊತೆಗೆ ಕೆಳಗಿನ ಲಿಂಕಿನ, ಅಂದರೆ ಉಪಕರಣವನ್ನು ಕೆಳಗೆ ಎರಡೂ ಬದಿ ಹಿಡಿಯುವ ತೋಳುಗಳ, ತೂತು ಅಳೆದುಕೊಂಡು ಹೋಗಿ. ಈ ಜೋಡಣೆಯ ಅಳತೆಗೆ ಕ್ಯಾಟಗರಿ ಅನ್ನುತ್ತಾರೆ: ಕ್ಯಾಟಗರಿ 1 ಆದರೆ ಪಿನ್ನು 22 ಮಿ.ಮೀ., ಕ್ಯಾಟಗರಿ 2 ಆದರೆ 28 ಮಿ.ಮೀ. ಬೇಕು.